ಬೀರುವಿನ ಬೀಗ ತೆಗೆಸಿ: ಶಾಲಾ ಶಿಕ್ಷಣ ಇಲಾಖೆಗೆ ಒಬ್ಬ ಶಿಕ್ಷಕಿಯ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಆಯುಕ್ತರಿಗೆ, ಹಾಗೂ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಎಲ್ಲ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕೆಲಸಕ್ಕೆ ಸೇರಿ 22 ವರ್ಷ ಆಯಿತು. ಹೆಚ್ಚು ಕಾಲ ಒಂದರಿಂದ ಐದನೇ ತರಗತಿ ಮಕ್ಕಳ ಜೊತೆಗೇ ಕಳೆದಿದ್ದೇನೆ. ಮಕ್ಕಳು ಕೈಯಲ್ಲಿ ಹಿಡಿದು ಕಲಿಯಬೇಕಾದ ಕಲಿಕೋಪಕರಣಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿವೆ, ಅವು ಹೊರಗೆ ಬರಬೇಕು ಅಂತ ಕೇಳಲು ಈ ಪತ್ರ. ಇದಕ್ಕೆ ಕಾರಣವಾದದ್ದು ಒಂದು ಸಣ್ಣ ಲೆಕ್ಕ. ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

42ರಲ್ಲಿ 17 ಕಳೆದರೆ ಎಷ್ಟು?

ಮೂರನೇ ತರಗತಿಯಲ್ಲಿ ಈ ಲೆಕ್ಕ ಬೋರ್ಡ್ ಮೇಲೆ ಬರೆದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 35 ಅಂತ ಬರೆದರು. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದಿದ್ದರು. ಮಕ್ಕಳ ತಪ್ಪಿನಲ್ಲೂ ಒಂದು ಯೋಚನೆ ಇರುತ್ತದೆ. ನಾನು ನನಗೆ ಕಲಿಸಿದ ಹಾಗೇ ಹೇಳಿಕೊಟ್ಟೆ. 'ಪಕ್ಕದ ಮನೆಯಿಂದ ಒಂದು ಸಾಲ ತಗೋ. ನಾಲ್ಕು ಹೊಡೆದು ಮೂರು ಮಾಡು. ಎರಡರ ಪಕ್ಕ ಒಂದು ಇಡು, ಹನ್ನೆರಡಾಯ್ತು.' ನೀವೂ ಹೀಗೇ ಕಲಿತಿರಬಹುದು.

ಹಿಂದಿನ ಸಾಲಿನ ಹುಡುಗ ಕೈ ಎತ್ತಿದ. 'ಆ ಸಾಲ ಯಾವಾಗ ವಾಪಸ್ ಕೊಡೋದು ಮಿಸ್?'

ಮಕ್ಕಳೆಲ್ಲ ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ವಾರ ವಾರ ಸಂಘದ ಕಂತು ಕಟ್ಟುವ ಮನೆ ಅವನದು. ಸಾಲ ಅಂದರೆ ವಾಪಸ್ ಕೊಡಲೇಬೇಕು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಬ್ಬಳು ಕೇಳಿದಳು, 'ಒಂದು ತಗೊಂಡ್ರೆ ಹತ್ತು ಹೆಂಗಾಯ್ತು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕ ನನಗೆ ಬರುತ್ತಿತ್ತು. ಆ ಲೆಕ್ಕದಲ್ಲಿ ಏನು ನಡೆಯುತ್ತದೆ ಅಂತ ಕೈಯಲ್ಲಿ ತೋರಿಸಲು ಬರುತ್ತಿರಲಿಲ್ಲ.

ಮಾರನೇ ದಿನ ತೆಂಗಿನ ಪೊರಕೆ ಕಡ್ಡಿಗಳನ್ನು ಬೆರಳುದ್ದ ಮುರಿದುಕೊಂಡು ಹೋದೆ. ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದೆವು. ಅದೇ ಹುಡುಗನ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, 'ಇದರಲ್ಲಿ ಹದಿನೇಳು ನಂಗೆ ಕೊಡು' ಅಂದೆ. ಒಂದು ಕಟ್ಟು ಕೊಟ್ಟ. ಎರಡು ಬಿಡಿ ಕಡ್ಡಿ ಕೊಟ್ಟ. ಹನ್ನೆರಡಾಯಿತು. ಇನ್ನೂ ಐದು ಬೇಕು. ಉಳಿದ ಮೂರು ಕಟ್ಟು ನೋಡಿದ. ನನ್ನ ಮುಖ ನೋಡಿದ. ಮತ್ತೆ ಕಟ್ಟು ನೋಡಿದ. ನಾನು ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲಿ ಸುಮ್ಮನೆ ಕೂರುವುದು ಬಲು ಕಷ್ಟ.

'ಬಿಚ್ಚಬಹುದಾ ಮಿಸ್?'

'ನಿಂದೇ ಅಲ್ವಾ, ಬಿಚ್ಚು.'

ರಬ್ಬರ್ ಬ್ಯಾಂಡ್ ತೆಗೆದ. ಹತ್ತು ಕಡ್ಡಿ ನೆಲದ ಮೇಲೆ ಹರಡಿಕೊಂಡವು. ಅದರಲ್ಲಿ ಐದು ನನಗೆ ಕೊಟ್ಟ. ಉಳಿದದ್ದು ಎರಡು ಕಟ್ಟು, ಐದು ಬಿಡಿ. ಆಮೇಲೆ ತಾನೇ ಸ್ಲೇಟು ಎಳೆದುಕೊಂಡು ನಾಲ್ಕು ಹೊಡೆದು ಮೂರು ಬರೆದ. ತಲೆ ಎತ್ತಿ ಹೇಳಿದ, 'ಇದು ಸಾಲ ಅಲ್ಲ ಮಿಸ್. ಚಿಲ್ಲರೆ ಮಾಡ್ಸೋದು.'

ಅಂದಿನಿಂದ ನನ್ನ ತರಗತಿಯಲ್ಲಿ ಕಳೆಯುವ ಲೆಕ್ಕಕ್ಕೆ ಯಾರೂ ಸಾಲ ತೆಗೆದುಕೊಳ್ಳುವುದಿಲ್ಲ. ಚಿಲ್ಲರೆ ಮಾಡಿಸುತ್ತಾರೆ.

ಆದರೆ ಕಡ್ಡಿ ಎಲ್ಲರಿಗೂ ಸಾಕಾಗಲಿಲ್ಲ. ಅದನ್ನೂ ಹೇಳಬೇಕು. ಒಬ್ಬಳು ಹುಡುಗಿ ಕಡ್ಡಿಯಲ್ಲಿ ಸರಿಯಾಗಿ ಮಾಡಿ, ನೋಟ್‌ಬುಕ್ ತೆಗೆದರೆ ಮತ್ತೆ 35 ಬರೆಯುತ್ತಿದ್ದಳು. ಅವಳಿಗೆ ಕಡ್ಡಿಯ ಲೆಕ್ಕ ಬೇರೆ, ಪುಸ್ತಕದ ಲೆಕ್ಕ ಬೇರೆ. ದಿನಾ ಅಂಗಡಿಗೆ ಹೋಗುವ ಹುಡುಗಿ. ಆಟದ ಹತ್ತು ರೂಪಾಯಿ ನೋಟು, ಒಂದು ರೂಪಾಯಿ ಬಿಲ್ಲೆ ಕೊಟ್ಟು ನೋಡಿದೆ. ಪಕ್ಕದಲ್ಲೇ ನೋಟ್‌ಬುಕ್ ಇಟ್ಟು, ಒಂದೊಂದು ನೋಟು ಮುರಿಸಿದಾಗಲೂ ಅಂಕಿ ಬದಲಿಸಲು ಹೇಳಿದೆ. ಮೂರೇ ದಿನಕ್ಕೆ ಹಿಡಿತ ಸಿಕ್ಕಿತು. ಇನ್ನು ಕೆಲವರಿಗೆ ಹತ್ತಕ್ಕೊಂದು ಗೀಟು, ಒಂದಕ್ಕೊಂದು ಚುಕ್ಕಿ ಎಳೆದ ಮೇಲೆಯೇ ಬೆಳಕು ಹತ್ತಿದ್ದು. ಒಂದೇ ವಿಷಯಕ್ಕೆ ಬಗೆಬಗೆಯ ಸಾಮಾನು ಯಾಕೆ ಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಮಕ್ಕಳು ಒಂದೇ ಬಾಗಿಲಿನಿಂದ ಒಳಗೆ ಬರುವುದಿಲ್ಲ.

ಇದೆಲ್ಲ ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಚಿಕ್ಕ ತರಗತಿಯ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಯಿತು. ಯುನಿಸೆಫ್ ನೆರವು ಇತ್ತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಮಗು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಕಲಿಕಾ ಏಣಿ ಜೋಡಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರ ಜಾಣತನ ನೋಡಿ. ಅ ಆ ಇ ಈ ಅಂತ ಸಾಲಾಗಿ ಕಲಿಸುವ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರದಿಂದ ಶುರು ಮಾಡುತ್ತದೆ. ಈ ಐದು ಕಾರ್ಡು ಕೈಯಲ್ಲಿದ್ದರೆ ಮಗು ಸರ, ರಸ, ಅರಸ, ಅಗಸ, ಸರಸರ ಎಲ್ಲ ತಾನೇ ಜೋಡಿಸಿ ಓದುತ್ತದೆ. ಅಕ್ಷರಮಾಲೆ ಮುಗಿಯುವ ತನಕ ಓದಲು ಕಾಯಬೇಕಾಗಿಲ್ಲ. ಕಾರ್ಡನ್ನು ಹಿಂದೆ ಮುಂದೆ ಮಾಡಿದರೆ 'ಸರ' ಹೋಗಿ 'ರಸ' ಆಗುತ್ತದೆ ಅಂತ ಕಂಡ ಮಗುವಿನ ಮುಖವನ್ನು ನೀವು ಒಮ್ಮೆ ನೋಡಬೇಕು ಸರ್. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನು ನೇತುಹಾಕುವ ಚಪ್ಪರ, ಅವರ ಕೈಗೆ ಎಟುಕುವ ಗೋಡೆ ಬೋರ್ಡು, ಇವೆಲ್ಲ ಬಂದದ್ದು ಆ ದಾರಿಯಲ್ಲೇ.

ಹಾಗಾದರೆ ತೊಂದರೆ ಎಲ್ಲಿದೆ? ಬೀರುವಿನಲ್ಲಿದೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ 4 ಮತ್ತು 5ನೇ ತರಗತಿಗೆ, ಸಾಮಾನು ಬಳಸಿ ಗಣಿತ ಕಲಿಸುವ 'ಗಣಿತ ಕಲಿಕಾ ಆಂದೋಲನ' ಕಾರ್ಯಕ್ರಮದ ಕಿಟ್ ಬಂತು. ಒಳ್ಳೆಯ ಕಿಟ್. ಮಣಿ ಪೋಣಿಸಿದ ಅಬ್ಯಾಕಸ್, ಸ್ಥಾನಬೆಲೆ ಪಟ್ಟಿ, ಭಿನ್ನರಾಶಿ ಪಟ್ಟಿ, ತಕ್ಕಡಿ, ಗಡಿಯಾರ, ದಾಳ, ಆಟದ ನೋಟು. ಮಕ್ಕಳು ಡಬ್ಬಿಗೆ ಮುಗಿಬಿದ್ದರು. ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಶಾಲೆ ನೋಡಲು ಒಬ್ಬ ಅಧಿಕಾರಿ ಬಂದರು. ಡಬ್ಬಿ ತೆಗೆಸಿದರು. ಸಾಮಾನಿನ ಲಿಸ್ಟು ಹಿಡಿದು ಎಣಿಸಿದರು. ಭಿನ್ನರಾಶಿ ಪಟ್ಟಿ ಮೂರು ಕಡಿಮೆ. ಒಂದು ದಾಳ ಇಲ್ಲ. 'ಇದಕ್ಕೆ ಯಾರು ಜವಾಬ್ದಾರಿ?' ಅಂದರು. ಆಗ ಮುಖ್ಯ ಶಿಕ್ಷಕರ ಚಾರ್ಜ್ ನನ್ನ ಹತ್ತಿರವೇ ಇತ್ತು. ಸಂದರ್ಶನ ಪುಸ್ತಕದಲ್ಲಿ ಒಂದು ಷರಾ ಬಿತ್ತು. ಆ ಪಟ್ಟಿಗಳಿಂದ ಮಕ್ಕಳು ಏನು ಕಲಿತರು ಅಂತ ಅವರು ಕೇಳಲಿಲ್ಲ.

ಅಂದು ಸಂಜೆ ಉಳಿದದ್ದನ್ನೆಲ್ಲ ಒರೆಸಿ, ಎಣಿಸಿ, ಡಬ್ಬಿಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿತ್ತು. ಎರಡು ವರ್ಷ ಆ ಡಬ್ಬಿ ಹೊರಗೆ ಬರಲಿಲ್ಲ. ಹಾಗೆ ಮಾಡಿದವಳು ನಾನೇ. ಯಾರೂ ನನಗೆ ಬೀಗ ಹಾಕು ಅಂತ ಹೇಳಿರಲಿಲ್ಲ. ಭಯ ಹೇಳಿತ್ತು.

ಆ ಎರಡು ವರ್ಷವೂ ನನ್ನ ನಾಲ್ಕನೇ ತರಗತಿ ಮಕ್ಕಳು ಮುನ್ನೂರ ನಾಲ್ಕು ಬರೆಯಿರಿ ಅಂದರೆ 3004 ಬರೆಯುತ್ತಿದ್ದರು. ಕಿವಿಗೆ ಬಿದ್ದದ್ದೇ ಹಾಗೆ. ಮುನ್ನೂರು ಅಂದರೆ 300, ಪಕ್ಕದಲ್ಲಿ ನಾಲ್ಕು. ನಾನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ, ಅವರು ಮತ್ತೆ ಬರೆಯುತ್ತಿದ್ದರು. ಬೇರೆ ಶಾಲೆಯ ಗೆಳತಿಯೊಬ್ಬಳು ಬೈದು ಹೇಳಿದ ಮೇಲೆ ಬೀರು ತೆಗೆದೆ. ಸ್ಥಾನಬೆಲೆ ಪಟ್ಟಿಗಳಲ್ಲಿ 300 ಅಂತ ಬರೆದ ಉದ್ದನೆ ಪಟ್ಟಿ ಇಟ್ಟು, ಅದರ ಕೊನೆಯ ಸೊನ್ನೆಯ ಮೇಲೆ 4ರ ಪುಟ್ಟ ಪಟ್ಟಿ ಇಡಬೇಕು. ಆಗ 304 ಕಾಣುತ್ತದೆ. 'ಸೊನ್ನೆ ಎಲ್ಲಿ ಹೋಯ್ತು?' ಅಂತ ಕೇಳಿದೆ. ಒಂದು ಮಗು ನಾಲ್ಕರ ಪಟ್ಟಿ ಎತ್ತಿ, ಕೆಳಗೆ ಇಣುಕಿ, 'ಇಲ್ಲೇ ಬಚ್ಚಿಟ್ಕೊಂಡಿದೆ' ಅಂದಿತು. ಎರಡು ವರ್ಷದ ಕೆಂಪು ಪೆನ್ನು ಮಾಡಲಾಗದ್ದನ್ನು ಅರ್ಧ ಗಂಟೆಯಲ್ಲಿ ಎರಡು ಪಟ್ಟಿ ಮಾಡಿದವು. ಆ ಎರಡು ವರ್ಷದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಸರ್, ಇಂತಹ ಬೀರು ನಾನೊಬ್ಬಳೇ ಇಟ್ಟುಕೊಂಡಿರಲಿಲ್ಲ. ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಗ್ಲೋಬು, ಹಾಳಾಗುತ್ತದೆ ಅಂತ ಮುಟ್ಟಲು ಬಿಡದ ಮಾನವ ದೇಹದ ಮಾದರಿ, ಆರಡಿ ಎತ್ತರದಲ್ಲಿ ಮೊಳೆ ಹೊಡೆದ ಚಾರ್ಟು. ಒಂದನೇ ತರಗತಿ ಮಗುವಿನ ಕಣ್ಣು ಮೂರಡಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಅಷ್ಟು ಎತ್ತರದ ಚಾರ್ಟು ಯಾರಿಗಾಗಿ? ಬಂದು ನೋಡುವವರಿಗಾಗಿ. ಶಿಕ್ಷಕರ ತರಬೇತಿಯಲ್ಲೂ ನಾವು ಮಾಡುತ್ತಿದ್ದದ್ದು ಹೀಗೇ. ಅಂಕಕ್ಕಾಗಿ ರಾತ್ರಿಯೆಲ್ಲ ಕೂತು ಥರ್ಮಾಕೋಲ್ ಜ್ವಾಲಾಮುಖಿ ಮಾಡಿ, ಮಾರನೇ ದಿನ ಪ್ರದರ್ಶನಕ್ಕಿಟ್ಟು, ಆಮೇಲೆ ಅಟ್ಟಕ್ಕೆ ಹಾಕುವುದು. ಕಲಿಕೋಪಕರಣ ಅಂದರೆ ನೋಡಲು ಇಡುವ ವಸ್ತು ಅಂತ ನಮ್ಮ ತಲೆಯಲ್ಲಿ ಅಲ್ಲಿಂದಲೇ ಕೂತುಬಿಟ್ಟಿದೆ.

ಕಾನೂನು ನಮ್ಮ ಕಡೆಗೇ ಇದೆ. 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲೇ ಪ್ರತಿ ಪ್ರಾಥಮಿಕ ಶಾಲೆಗೂ ಪಾಠೋಪಕರಣ ಕೊಡಬೇಕು ಅಂತ ಇತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ತರಗತಿಗೂ ಬೇಕಾದ ಕಲಿಕಾ ಸಾಮಗ್ರಿ ಒದಗಿಸಬೇಕು ಅನ್ನುತ್ತದೆ. ಗೋಡೆ, ಶೌಚಾಲಯ, ಕುಡಿಯುವ ನೀರಿನ ಸಾಲಿನಲ್ಲೇ ಅದನ್ನೂ ಬರೆದಿದ್ದಾರೆ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಬರುತ್ತಿತ್ತು, ಕಲಿಕೋಪಕರಣ ಮಾಡಿಕೊಳ್ಳಲು ಅಂತಲೇ. ನಾವು ಅದನ್ನು ಟಿಎಲ್‌ಎಂ ದುಡ್ಡು ಅನ್ನುತ್ತಿದ್ದೆವು. ದೊಡ್ಡ ದುಡ್ಡಲ್ಲ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಗೋಂದು, ರಬ್ಬರ್ ಬ್ಯಾಂಡು, ಒಂದು ಕತ್ತರಿ. ಆದರೆ ಅದು ನನ್ನ ತರಗತಿಯ ದುಡ್ಡು. ನನ್ನ ಮಕ್ಕಳಿಗೆ ಏನು ಬೇಕು ಅಂತ ನಾನೇ ಯೋಚನೆ ಮಾಡಿ ಖರ್ಚು ಮಾಡುತ್ತಿದ್ದೆ. 2018ರಲ್ಲಿ ಸಮಗ್ರ ಶಿಕ್ಷಣ ಬಂದ ಮೇಲೆ ಎಲ್ಲ ಸೇರಿಸಿ ಶಾಲೆಗೆ ಒಂದೇ ಅನುದಾನ ಬರುತ್ತದೆ. ಅದರಲ್ಲಿ ಶೇ. 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ಉಳಿದದ್ದರಲ್ಲಿ ರಿಜಿಸ್ಟರು, ಚಾಕ್‌ಪೀಸು, ನಲ್ಲಿ ರಿಪೇರಿ, ಸುಣ್ಣ ಬಣ್ಣ. ಸೋರುವ ನಲ್ಲಿಯ ಮುಂದೆ ನಿಂತು ಅಕ್ಷರದ ಕಾರ್ಡಿಗೆ ದುಡ್ಡು ಕೇಳಲು ಯಾವ ಶಿಕ್ಷಕಿಗೂ ಬಾಯಿ ಬರುವುದಿಲ್ಲ.

ದುಬಾರಿ ಸಾಮಾನು ಕೊಡಿ ಅಂತ ನಾನು ಕೇಳುತ್ತಿಲ್ಲ. ದುಬಾರಿಯಾದದ್ದೆಲ್ಲ ಒಳ್ಳೆಯದೂ ಅಲ್ಲ. ಮಾರುಕಟ್ಟೆಯಲ್ಲಿ ಸಿಗುವ ಸೌರವ್ಯೂಹದ ಚಾರ್ಟು ತೆಗೆದುಕೊಳ್ಳಿ. ನುಣುಪಾದ ಕಾಗದ, ಒಳ್ಳೆ ಬಣ್ಣ. ಅದರಲ್ಲಿ ಭೂಮಿ ನಿಂಬೆಹಣ್ಣಿನಷ್ಟು ದಪ್ಪ, ಸೂರ್ಯನ ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ನೋಡಿದ ಮಗು ತಪ್ಪನ್ನೇ ಕಲಿಯುತ್ತದೆ. ನಾವು ಒಂದು ದಿನ ಫುಟ್‌ಬಾಲನ್ನು ಸೂರ್ಯ ಅಂತ ಮೈದಾನದ ಮೂಲೆಯಲ್ಲಿಟ್ಟೆವು. ಹಾಗಾದರೆ ಭೂಮಿ ಎಷ್ಟಿರಬೇಕು? ಒಂದು ಸಾಸಿವೆ ಕಾಳು. ಎಲ್ಲಿರಬೇಕು? ಸುಮಾರು 24 ಮೀಟರ್ ದೂರದಲ್ಲಿ. ಮಕ್ಕಳು ಟೇಪು ಹಿಡಿದು ಅಳೆಯುತ್ತಾ ಅಳೆಯುತ್ತಾ ಬಾವುಟದ ಕಂಬ ದಾಟಿ ಹೋದರು. ಒಬ್ಬಳು ಅಂಗೈಯಲ್ಲಿ ಸಾಸಿವೆ ಇಟ್ಟುಕೊಂಡು ದೂರದ ಚೆಂಡನ್ನೇ ನೋಡುತ್ತಾ ನಿಂತುಬಿಟ್ಟಳು. ಊಟದ ಬೆಲ್ ಹೊಡೆದರೂ ಆ ಸಾಸಿವೆಯನ್ನು ಬಿಸಾಡಲು ಅವಳಿಗೆ ಮನಸ್ಸಾಗಲಿಲ್ಲ. ಅದಕ್ಕೆ ನಮಗೆ ಒಂದು ಪೈಸೆ ಖರ್ಚಾಗಲಿಲ್ಲ. ಸ್ಮಾರ್ಟ್ ಕ್ಲಾಸ್ ಬಗ್ಗೆಯೂ ನನ್ನ ಮಾತು ಇದೇ. ಹೃದಯ ಬಡಿಯುವುದನ್ನು ಟಿವಿಯಲ್ಲಿ ತೋರಿಸಿ, ಬಹಳ ಒಳ್ಳೆಯದು. ಆದರೆ ಹತ್ತು ಕಡ್ಡಿಯ ಕಟ್ಟು ಬಿಚ್ಚುವುದನ್ನು ಟಿವಿಯಲ್ಲಿ ತೋರಿಸಿದರೆ ಕಟ್ಟು ಬಿಚ್ಚಿದ್ದು ಟಿವಿ, ಮಗು ಅಲ್ಲ.

ಈಗ ಅಪ್ಪ ಅಮ್ಮಂದಿರಿಗೆ ಎರಡು ಮಾತು. 'ಮಿಸ್ಸು ಬರೀ ಆಟ ಆಡಿಸ್ತಾರೆ, ನೋಟ್ಸು ಬರ್ಸಲ್ಲ' ಅಂತ ನೀವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿದ್ದೀರಿ. ಕೇಳುವುದು ತಪ್ಪಲ್ಲ. ನೋಟ್‌ಬುಕ್ ತುಂಬಿದ್ದರೆ ಪಾಠ ನಡೆದಿದೆ ಅನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದು. ಆದರೆ ಒಮ್ಮೆ ಬಂದು ಕೂತು ನೋಡಿ. ನಿಮ್ಮ ಮನೆಯಲ್ಲಿ ಅಳಿಗುಳಿ ಮಣೆ ಇದೆಯಾ? ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ನಾಲ್ಕರಂತೆ ಹುಣಸೆ ಬೀಜ ಹಾಕಿದರೆ ಒಟ್ಟು ಎಷ್ಟು? ನಿಮ್ಮ ಅಜ್ಜಿ ಮಗ್ಗಿ ಹೇಳದೆಯೇ 56 ಅನ್ನುತ್ತಿದ್ದರು. ಅವರಿಗೆ ಅದು ಕಣ್ಣಿನಲ್ಲೇ ಇತ್ತು. ಹಬ್ಬದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಅಕ್ಷರ ಬರೆಸುತ್ತೇವಲ್ಲ, ಅದೂ ಕಲಿಕೋಪಕರಣವೇ. ನನ್ನ ತರಗತಿಗೆ ಬಂದ, ಕಣ್ಣು ಮಂಜಾಗಿದ್ದ ಒಬ್ಬ ಹುಡುಗಿ ಬೋರ್ಡು ನೋಡಿ ಕಲಿಯಲಾರದ ಅಕ್ಷರಗಳನ್ನು ಅಕ್ಕಿ ತಟ್ಟೆಯಲ್ಲಿ, ಮರಳು ಅಂಟಿಸಿದ ಕಾರ್ಡಿನ ಮೇಲೆ ಬೆರಳಾಡಿಸಿ ಕಲಿತಳು. ಉಳಿದವರೂ ಅವಳ ಕಾರ್ಡಿಗೆ ಕಾದು ಕೂರುತ್ತಿದ್ದರು.

ನಿಮ್ಮಲ್ಲೇ ಎಷ್ಟೋ ವಿದ್ಯೆ ಇದೆ. ಗಾರೆ ಕೆಲಸ ಮಾಡುವ ಒಬ್ಬ ಅಪ್ಪನನ್ನು ಏಳನೇ ತರಗತಿಗೆ ಕರೆದಿದ್ದೆ. ಮೊದಲು ಬಹಳ ಸಂಕೋಚ ಪಟ್ಟರು. 'ನಾನ್ ಓದಿಲ್ಲ ಮೇಡಂ, ಏನ್ ಹೇಳ್ಕೊಡ್ಲಿ?' ಅಂದರು. ಪಾಯ ಹಾಕುವಾಗ ಮೂಲೆ ಹೇಗೆ ತೆಗೆಯುತ್ತೀರಿ, ಅಷ್ಟು ತೋರಿಸಿ ಅಂದೆ. ದಾರ ತೆಗೆದರು. ಒಂದು ಕಡೆ ಮೂರಡಿ ಗುರುತು, ಇನ್ನೊಂದು ಕಡೆ ನಾಲ್ಕಡಿ ಗುರುತು. ಎರಡು ಗುರುತಿನ ನಡುವೆ ಸರಿಯಾಗಿ ಐದಡಿ ಬರುವ ತನಕ ದಾರ ಆಚೆ ಈಚೆ ಸರಿಸಿದರು. 'ಈಗ ಮೂಲೆ ಸರಿ' ಅಂದರು. ಒಂದು ಹುಡುಗ ಕೋನಮಾಪಕ ತಂದು ಇಟ್ಟ. 90. ಇಡೀ ತರಗತಿ ಚಪ್ಪಾಳೆ ತಟ್ಟಿತು. ಅವರ ಮಗ ಅಂದು ಅಪ್ಪನ ಪಕ್ಕ ನಿಂತಿದ್ದ ರೀತಿಯನ್ನು ನಾನು ಮರೆಯುವುದಿಲ್ಲ. ಮೂರರ ವರ್ಗ, ನಾಲ್ಕರ ವರ್ಗ ಕೂಡಿದರೆ ಐದರ ವರ್ಗ ಅಂತ ಆಮೇಲೆ ಬೋರ್ಡಿನಲ್ಲಿ ಬರೆದಾಗ ಯಾರಿಗೂ ಅದು ಹೊಸದಾಗಿ ಕಾಣಲಿಲ್ಲ.

ಮಾನ್ಯ ಆಯುಕ್ತರೇ, ನಾನು ಕೇಳುವುದು ಬಹಳ ಸಣ್ಣದು. ಕಾರ್ಡು, ಪಟ್ಟಿ, ದಾಳ, ಮಣಿ ಇವನ್ನೆಲ್ಲ ಚಾಕ್‌ಪೀಸಿನ ಲೆಕ್ಕಕ್ಕೆ ಸೇರಿಸಿ. ಚಾಕ್‌ಪೀಸು ಸವೆದು ಹೋಯಿತು ಅಂತ ಯಾರನ್ನೂ ಯಾರೂ ಕೇಳುವುದಿಲ್ಲ. ಸವೆಯುವುದಕ್ಕೇ ಅದು ಇರುವುದು. ಮಕ್ಕಳು ಬಳಸುವಾಗ ಮುರಿದ, ಕಳೆದ ಕಲಿಕಾ ಸಾಮಗ್ರಿಗೆ ಶಿಕ್ಷಕರು ಹೊಣೆಯಲ್ಲ, ಅದನ್ನು ದಾಸ್ತಾನು ವಹಿಯಿಂದ ಮುಖ್ಯ ಶಿಕ್ಷಕರೇ ಕಡಿಮೆ ಮಾಡಬಹುದು ಅಂತ ಒಂದು ಪುಟದ ಸುತ್ತೋಲೆ ಹೊರಡಿಸಿ. ಬಾಯಿಮಾತು ಸಾಲದು. ಬರವಣಿಗೆಯಲ್ಲಿ ಬೇಕು. ನಮ್ಮ ಭಯ ಇರುವುದೂ ಬರವಣಿಗೆಯಲ್ಲೇ.

ಮೂರು ಪಟ್ಟಿ ಕಳೆದಾಗ ಇಡೀ ಹೊಸ ಕಿಟ್‌ಗೆ ವರ್ಷಗಟ್ಟಲೆ ಕಾಯುವ ಹಾಗೆ ಆಗಬಾರದು. ಅಕ್ಕಪಕ್ಕದ ಶಾಲೆಗಳೆಲ್ಲ ಸೇರಿದ ಕ್ಲಸ್ಟರ್‌ನಲ್ಲಿ ಒಂದು ಡಬ್ಬಿ ಬಿಡಿ ಸಾಮಾನು ಇರಲಿ. ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬಂದಾಗ ಕೇಳಿ ಇಸಿದುಕೊಳ್ಳುತ್ತೇವೆ. ಪ್ರತಿ ಶಿಕ್ಷಕರ ಕೈಗೆ ಬರುತ್ತಿದ್ದ ಆ 500 ರೂಪಾಯಿಯನ್ನು ಇಂದಿನ ಬೆಲೆಗೆ ತಕ್ಕ ಹಾಗೆ ಏರಿಸಿ ಮತ್ತೆ ಕೊಡಿ. ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವ ಹೊತ್ತನ್ನು ಸ್ವಲ್ಪ ಕಡಿಮೆ ಮಾಡಿ, ಒಂದು ಮಧ್ಯಾಹ್ನ ಕತ್ತರಿ, ರಟ್ಟು, ಗೋಂದು ಇಟ್ಟುಕೊಂಡು ಕೂರಲು ಬಿಡಿ. ಎಚ್.ಡಿ. ಕೋಟೆಯಲ್ಲಿ ಅಂದು ಆದದ್ದೂ ಅದೇ ತಾನೇ? ಶಿಕ್ಷಕರು ಒಟ್ಟಿಗೆ ಕೂತರು.

ಇನ್ನು ಶಾಲೆ ನೋಡಲು ಬರುವ ಅಧಿಕಾರಿಗಳಿಗೆ ಒಂದು ಮನವಿ. ಡಬ್ಬಿ ತೆಗೆಸಿ ಖಂಡಿತ ನೋಡಿ. ಕಾರ್ಡಿನ ಮೂಲೆ ಮಡಚಿದೆಯಾ, ಎಣ್ಣೆ ಕೈ ಗುರುತು ಇದೆಯಾ ನೋಡಿ. ಹೊಸದಾಗಿ ಫಳಫಳ ಅನ್ನುತ್ತಿದ್ದರೆ ಆಗ ನಮ್ಮನ್ನು ಪ್ರಶ್ನೆ ಮಾಡಿ. ಒಂದು ಮಗುವನ್ನು ಕರೆದು ಅದರ ಕೈಗೆ ಒಂದು ಸಾಮಾನು ಕೊಟ್ಟು, 'ಇದರಲ್ಲಿ ನಿಂಗೆ ಏನು ಮಾಡೋಕೆ ಬರುತ್ತೆ ತೋರಿಸು' ಅನ್ನಿ. ಐದು ನಿಮಿಷ ಸಾಕು. ನಮ್ಮ ಪಾಠ ಹೇಗಿದೆ ಅಂತ ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ನನ್ನ ತರಗತಿಯ ಕಿಟ್ ಈಗ ಕಿಟಕಿಯ ಕೆಳಗೆ, ನೆಲದ ಮೇಲೆ ಇರುತ್ತದೆ. ಮುಚ್ಚಳ ಒಡೆದುಹೋಗಿದೆ. ಭಿನ್ನರಾಶಿ ಪಟ್ಟಿ ಹನ್ನೊಂದು ಕಡಿಮೆ ಇವೆ. ಅದರಲ್ಲಿ ಒಂಬತ್ತನ್ನು ಐದನೇ ತರಗತಿ ಮಕ್ಕಳೇ ಮದುವೆ ಪತ್ರಿಕೆಯ ರಟ್ಟು ಕತ್ತರಿಸಿ, ಅಳತೆ ನೋಡಿ ಮಾಡಿಟ್ಟಿದ್ದಾರೆ. ಮೂರನೇ ಒಂದು ಭಾಗದ ಪಟ್ಟಿ ಸರಿಯಾಗಿ ಬರಲು ಅವರಿಗೆ ನಾಲ್ಕು ರಟ್ಟು ಹಾಳಾಯಿತು. ಆ ನಾಲ್ಕು ರಟ್ಟಿನಲ್ಲಿ ಅವರು ಕಲಿತದ್ದು ಜಾಸ್ತಿ.

ದಾಸ್ತಾನು ವಹಿಯಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೇನೆ. 'ಭಿನ್ನರಾಶಿ ಪಟ್ಟಿ 11, ದಾಳ 3, ಮಕ್ಕಳು ಬಳಸುವಾಗ ಕಳೆದಿವೆ.' ಅದರ ಪಕ್ಕ ಮೇಲಧಿಕಾರಿಯ ಸಹಿಗೆ ಒಂದು ಖಾಲಿ ಜಾಗ ಇದೆ. ಆ ಸಹಿಗೆ ಕಾಯುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ